ಸೀರೆಯಿಂದ ಅಳೆದ ಹೊಳೆ

ಆ ಗುರುವಾರ ಬೆಳಿಗ್ಗೆ ನನ್ನ ಹೆಂಡತಿ ಶಕುಂತಲಾ ಹಿಂಡಿದ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಮಾಳಿಗೆಗೆ ಹತ್ತಿದಳು. ಅವಳ ಹಿಂದೆ ಕ್ಲಿಪ್ಪಿನ ಡಬ್ಬಿ ಹಿಡಿದುಕೊಂಡು ನಾನು ಹತ್ತಿದೆ. ದಿನಾ ಉಡುವ ಹಸಿರು ನೂಲಿನ ಸೀರೆ, ಸಣ್ಣ ಕೆಂಪು ಅಂಚಿನದು. ತಂತಿಯ ಈ ತುದಿಯಲ್ಲಿ ನಾನು ಸೆರಗು ಹಿಡಿದೆ, ಆ ತುದಿಯವರೆಗೆ ಅವಳು ಎಳೆದುಕೊಂಡು ಹೋದಳು, ನಡುವೆ ನೀರು ತಟತಟ ಉದುರಿತು. ಅದು ನಮ್ಮ ಕೊನೆಯ ಸಾಧಾರಣ ದಿನ ಎಂದು ಯಾರೂ ಬಂದು ಹೇಳಿರಲಿಲ್ಲ. ಹೇಳಿದ್ದರೆ ಅದು ಸಾಧಾರಣವಾಗಿ ಉಳಿಯುತ್ತಲೂ ಇರಲಿಲ್ಲ.

ಗುರುವಾರ ಮನೆಯಲ್ಲಿ ಹೇಗಿದ್ದಿರಿ ಎಂದು ಕೇಳುವಿರೇನೋ. ಭೋಸರಿಯ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಎಲ್ಲರೂ ಒಂದೇ ದಿನ ಕರೆಂಟು ಬಳಸಬಾರದೆಂದು ಹಾಗೆ ಗೊತ್ತುಮಾಡಿದ್ದರು. ಊರೆಲ್ಲ ರವಿವಾರ ಕಾಲು ಚಾಚಿದಾಗ ನಾನು ಕಂಪನಿಯ ಬಸ್ಸಿನಲ್ಲಿರುತ್ತಿದ್ದೆ. ಊರೆಲ್ಲ ದುಡಿಯುವ ಗುರುವಾರ ನಾನು ಕ್ಲಿಪ್ಪಿನ ಡಬ್ಬಿ ಹಿಡಿದು ಮಾಳಿಗೆಯ ಮೇಲೆ ನಿಂತಿರುತ್ತಿದ್ದೆ. ವಾರಕ್ಕೊಂದು ದಿನ ಊರಿಗೆ ಬೆನ್ನು ಮಾಡಿ ನಿಲ್ಲುವುದು ಅಭ್ಯಾಸವಾದರೆ ಮನುಷ್ಯ ಸ್ವಲ್ಪ ಮಾತು ಕಡಿಮೆಯವನಾಗುತ್ತಾನೆ. ನಾನು ಆದೆ.

ನಮ್ಮ ಮನೆ ಪುಣೆಯ ಸದಾಶಿವ ಪೇಠೆಯಿಂದ ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯ ಕಟ್ಟಕಡೆಯ ವಾಡೆಯಲ್ಲಿತ್ತು, ಈಗಲೂ ಇದೆ. ವಾಡೆ ಎಂದರೆ ನಡುವೆ ಅಂಗಳ, ಸುತ್ತ ಬಾಡಿಗೆಯ ಬಿಡಾರಗಳಿರುವ ಹಳೆಯ ಮರದ ಕಂಬಗಳ ಮನೆ. ನಾವು ಹನ್ನೊಂದು ಬಿಡಾರದವರು, ಅದರಲ್ಲಿ ಕನ್ನಡದವರು ನಾವೊಬ್ಬರೇ. ಹಿಂಭಾಗದಲ್ಲಿ ಆಮೇಲೆ ಕಟ್ಟಿದ ಎರಡು ಕೋಣೆ ನಮ್ಮದಾದ್ದರಿಂದ ಮೇಲಿನ ಮಾಳಿಗೆಯೂ ಹೆಚ್ಚುಕಡಿಮೆ ನಮ್ಮದೇ. ಓಣಿ ವಾಡೆಯ ಪಕ್ಕಕ್ಕೆ ಬಂದು ನಿಲ್ಲುತ್ತದೆ, ಮುಂದೆ ಎಂಟು ಕಲ್ಲಿನ ಮೆಟ್ಟಿಲು, ಆಮೇಲೆ ಮುಠಾ ಹೊಳೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಅದು ಹೊಳೆ, ಆಗ ಇಡೀ ಪೇಠೆ ನೋಡಲು ಬರುತ್ತದೆ. ಉಳಿದ ತಿಂಗಳುಗಳಲ್ಲಿ ಮೊಣಕಾಲಷ್ಟು ಕಪ್ಪು ನೀರು, ಅದರ ಮೇಲೊಂದು ಹಸಿರು ಕಳೆಯ ಹಾಸು.

ನಮ್ಮ ಮಾಳಿಗೆಗೆ ಸರಿಯಾಗಿ ಎದುರು, ಆ ದಡದ ಎರಂಡವಣೆಯಲ್ಲಿ, ಒಂದು ಮೂರಂತಸ್ತಿನ ಕಟ್ಟಡ. ಅದರ ಮೇಲಿನ ಮನೆ ಶಕುಂತಲೆಯ ತಂಗಿ ಪ್ರಮೀಳಾ ಮತ್ತು ಅವಳ ಗಂಡ ವಸಂತನದು. ಅವರಿಗೆ ಇಬ್ಬರು ಮಕ್ಕಳು, ನಮಗೆ ಮಕ್ಕಳಿರಲಿಲ್ಲ. ಬೆಳಗಾವಿಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದ ಅಕ್ಕತಂಗಿಯರು ಮದುವೆಯಾಗಿ ಒಂದೇ ಊರಿಗೆ, ಒಂದೇ ಹೊಳೆಯ ಎರಡು ದಡಕ್ಕೆ ಬಂದಿದ್ದರು. ಎರಡೂ ಮನೆಯಲ್ಲಿ ಫೋನಿರಲಿಲ್ಲ. ಇದ್ದದ್ದು ಬಟ್ಟೆ ಒಣಹಾಕುವ ತಂತಿ. ಹನ್ನೊಂದು ಗಂಟೆಯೊಳಗೆ ಎರಡೂ ತಂತಿಗಳ ಮೇಲೆ ಸೀರೆ ಬಿದ್ದಿರಬೇಕು, ಇದು ಅವರ ಕಟ್ಟಳೆ.

“ಬಟ್ಟಿ ಬಿದ್ದದ ಅಂದ್ರ ಎದ್ದಾಳ, ಮೈ ತೊಳಕೊಂಡಾಳ, ಒಲಿ ಹಚ್ಯಾಳ. ಇದಕ್ಕಿಂತ ಹೆಚ್ಚಿನ ಸುದ್ದಿ ಏನು ಬೇಕ್ರೀ ದಿನಾ ದಿನಾ?” ಎನ್ನುತ್ತಿದ್ದಳು ಶಕುಂತಲಾ. ತಂಗಿಯ ತಂತಿ ಹನ್ನೊಂದಾದರೂ ಖಾಲಿ ಇದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ನಾನು ಅಳತೆಯವನು. ಕಾರ್ಖಾನೆಯಲ್ಲಿ ತಪಾಸಣೆಯ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ನಮ್ಮ ಕೈಯಲ್ಲೊಂದು ಉಕ್ಕಿನ ಗೇಜು ಇರುತ್ತಿತ್ತು. ಅದರ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಎರಡೂ ಸರಿಯಾದರೆ ಮಾಲು ಪಾಸು. ಇಪ್ಪತ್ತೈದು ವರ್ಷ ಹೋಗಬೇಕಾದದ್ದು ಹೋಗುತ್ತದೆಯೇ, ಹೋಗಬಾರದ್ದು ನಿಲ್ಲುತ್ತದೆಯೇ ಎಂದು ನೋಡಿದವನಿಗೆ ಮನೆಯಲ್ಲಿಯೂ ಸುಮ್ಮನಿರಲಾಗುವುದಿಲ್ಲ. ಒಂದು ಗುರುವಾರ ಉಕ್ಕಿನ ಸ್ಕೇಲು ತಂದು ಮಾಳಿಗೆಯ ಮೇಲೆ ತೋಳು ಚಾಚಿ ನಿಂತೆ. ಎದುರು ದಡದ ತಂತಿಯ ಮೇಲೆ ಉದ್ದಕ್ಕೆ ಹರಡಿದ ಪ್ರಮೀಳೆಯ ಸೀರೆ ನನ್ನ ಸ್ಕೇಲಿನಲ್ಲಿ ಹದಿನೇಳು ಮಿಲಿಮೀಟರ್ ಬಂತು. ಸೀರೆಯ ಉದ್ದ ಐದೂವರೆ ಮೀಟರ್, ನನ್ನ ತೋಳು ಅರವತ್ತು ಸೆಂಟಿಮೀಟರ್. ಲೆಕ್ಕ ಸುಲಭ.

“ಏನು, ನಮ್ಮ ಪಮ್ಮಿ ಸೀರೀಲೆ ಹೊಳಿ ಅಳ್ಯಾಕ ಹತ್ತೀರೇನ್ರೀ?”

“ನೂರಾ ತೊಂಬತ್ತು ಮೀಟರ್, ನಾಕೈದು ಆಚೀಚಿ.”

“ಸೀರಿ ಅಂಗಡಿಯಾಂವ ಒಂದು ಮೊಳ ಕಡಿಮಿ ಕೊಟ್ಟಿದ್ರ?”

“ಹೊಳಿ ಅಷ್ಟು ಸಣ್ಣದಾಗತದ.”

“ಆಗ್ಲಿ ಬಿಡ್ರಿ. ಸಣ್ಣದಾದಷ್ಟೂ ಛಲೋ.”

ಆದರೆ ಆ ನೂರಾ ತೊಂಬತ್ತು ಮೀಟರನ್ನು ದಾಟಲು ಅವಳಿಗೆ ಎರಡು ಬಸ್ಸು ಬೇಕಾಗಿದ್ದವು. ನಮಗೆ ಮೇಲಕ್ಕೊಂದು ಸೇತುವೆ, ಕೆಳಕ್ಕೊಂದು ಸೇತುವೆ. ಎರಡೂ ದೂರ, ಎರಡರ ಮೇಲೂ ಬೆಳಗಿನಿಂದ ಸಂಜೆಯವರೆಗೆ ರಿಕ್ಷಾ, ಸ್ಕೂಟರು, ಲಾರಿ, ಬಸ್ಸುಗಳ ಸಾಲು. ಹೊರಟವರು ಮುಟ್ಟಲು ಒಂದು ಗಂಟೆ ಹಿಡಿದರೆ ಪುಣ್ಯ. ಹೀಗಾಗಿ ಅವಳು ತಂಗಿಯ ಮನೆಗೆ ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದಳು, ಉಳಿದ ಹದಿನಾಲ್ಕು ದಿನ ಸೀರೆ ನೋಡುತ್ತಿದ್ದಳು.

ತೊಂಬತ್ತರ ದಶಕದ ನಡುವಿನ ಮಾತು ಇದು. ಹೊಸದೊಂದು ಸೇತುವೆ ಕಟ್ಟಬೇಕೆಂದು ಊರಿನಲ್ಲಿ ಎದ್ದ ಮಾತು ಆ ಸುಮಾರಿಗೆ ಕಾಗದಕ್ಕೆ ಇಳಿಯಿತು. ಎರಡು ಹಳೆಯ ಸೇತುವೆಗಳ ಬಾಯಿಯಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಕೂತ ಕಾಲೇಜು ಹುಡುಗರು ಹೋಗುವ ಬರುವ ಗಾಡಿಗಳನ್ನು ಎಣಿಸುತ್ತಿದ್ದರು; ನಾಲ್ಕು ಗೀಟು, ಅಡ್ಡ ಒಂದು ಗೀಟು. ಆ ಗೀಟುಗಳನ್ನು ಕೂಡಿಸಿ, ನಕಾಶೆ ಹರಡಿ, ಹೊಸ ಸೇತುವೆಗೆ ಎರಡು ಜಾಗ ಗುರುತು ಮಾಡಿದರು. ಒಂದು ನಮ್ಮ ಓಣಿಯ ತುದಿ, ಇನ್ನೊಂದು ಅಲ್ಲಿಂದ ಅರ್ಧ ಕಿಲೋಮೀಟರ್ ಕೆಳಗೆ. ಹರಕತ್ತು, ಎಂದರೆ ಆಕ್ಷೇಪಣೆ, ಇದ್ದವರು ಬರೆದು ಕೊಡಬೇಕೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂತು.

ಸೇತುವೆ ಎಲ್ಲಿ ಬೇಕೆಂದು ಊರು ಗೊತ್ತುಮಾಡುವ ಈ ರೀತಿಯನ್ನು ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಅವರು ಎಣಿಸುವುದು ಹೊರಟವರನ್ನು. ದಾರಿ ದೂರವೆಂದು ಹೊರಡದೇ ಉಳಿದವರನ್ನು ಯಾವ ಕಾಗದದ ಮೇಲೂ ಗೀಟು ಹಾಕಿ ತೋರಿಸಲು ಬರುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಚೀಲ ಹಿಡಿದು ಬಸ್ಸು ಹತ್ತುವ ನನ್ನ ಹೆಂಡತಿ, ಆ ದಿನ ಹುಡುಗರು ಕೂತಿದ್ದರೆ, ಬಸ್ಸಿನ ಲೆಕ್ಕದಲ್ಲಿ ಸೇರಿಹೋಗುತ್ತಿದ್ದಳು. ಉಳಿದ ಹದಿನಾಲ್ಕು ದಿನ ಮಾಳಿಗೆಯ ಅಂಚಿಗೆ ಬಂದು, ಒಂದಿಷ್ಟು ಹೊತ್ತು ನಿಂತು, ಒಳಗೆ ಹೋಗುವ ಹೆಂಗಸು ಸೇತುವೆಯ ಲೆಕ್ಕಕ್ಕೆ ಇಲ್ಲ. ಇದು ಯಾರನ್ನೂ ದೂರುವ ಮಾತಲ್ಲ. ನಾನೂ ಎಣಿಸಿರಲಿಲ್ಲ.

ಪತ್ರಿಕೆ ಓದಿದ ದಿನ ಅವಳಿಗೆ ಹಿಗ್ಗು. “ಇಲ್ಲೇ ಆದ್ರ ಎಷ್ಟು ಛಲೋ! ಕುಕ್ಕರ್ ಇಟ್ಟು ಹೋಗಿ, ಅಕಿನ್ನ ಮಾತಾಡಿಸಿ, ಮೂರನೇ ಶೀಟಿ ಹೊಡಿಯೂದ್ರಾಗ ತಿರುಗಿ ಬರತೀನಿ ನೋಡ್ರಿ.” ನಾನು ನಕ್ಕೆ. ಆದರೆ ನಮ್ಮ ವಾಡೆಯ ಅಂಗಳದಲ್ಲಿ ಯಾರೂ ನಗುತ್ತಿರಲಿಲ್ಲ. ಸೇತುವೆ ಇಲ್ಲಿ ಬಂದರೆ ಓಣಿ ಅಗಲ ಮಾಡಬೇಕು, ಓಣಿ ಅಗಲ ಮಾಡಿದರೆ ವಾಡೆ ಹೋಗುತ್ತದೆ. ಹಳೆಯ ಬಾಡಿಗೆಯ ಮೇಲೆ ಕೂತ ಹನ್ನೊಂದು ಬಿಡಾರಗಳಿಗೆ ಈ ಪೇಠೆಯಲ್ಲಿ ಇನ್ನೊಂದು ಕೋಣೆ ಸಿಗುವ ಹಾಗಿರಲಿಲ್ಲ. ಕೆಳಗೆ ಬೀದಿಯ ಮುಖಕ್ಕೆ ಕಿರಾಣಿ ಅಂಗಡಿ ಇಟ್ಟಿದ್ದ ಕಾಕಾ ಎಲ್ಲರ ಪರವಾಗಿ ನನ್ನ ಕಡೆಗೆ ಬೆರಳು ಮಾಡಿ ಮರಾಠಿಯಲ್ಲಿ ಹೇಳಿದರು: “ಈ ಕಾನಡಿ ಸಾಹೇಬರಿಗೆ ಅಳತೆ ಬರುತ್ತದೆ, ಇವರ ಹೆಂಡತಿಗೆ ಅಕ್ಷರ ಬರುತ್ತದೆ. ಹರಕತ್ತು ಇವರೇ ಬರೆಯಲಿ.”

ನಿಜ. ನಾನು ಧಾರವಾಡದ ಕಡೆಯವನು, ಮರಾಠಿ ಮಾತಾಡುತ್ತೇನೆ, ಬರೆಯಲು ಕೈ ನಡೆಯುವುದಿಲ್ಲ. ಶಕುಂತಲಾ ಏಳನೆಯವರೆಗೆ ಮರಾಠಿ ಸಾಲೆಯಲ್ಲಿ ಓದಿದವಳು, ಅಕ್ಷರ ಪೋಣಿಸಿದ ಹಾಗೆ. ವಾಡೆಯ ಅರ್ಜಿಗಳೆಲ್ಲ ಅವಳ ಕೈಯವೇ.

ಮೊದಲು ನಾನು ಓಣಿ ಅಳೆದೆ. ಕಾರ್ಖಾನೆಯಿಂದ ಉಕ್ಕಿನ ಟೇಪು ತಂದು, ಮೇಲಿನಿಂದ ಕೆಳಗಿನವರೆಗೆ ಹನ್ನೆರಡು ಕಡೆ ಅಗಲ ಹಿಡಿದೆ. ಅಗಲ ಹೆಚ್ಚು ಬಂದಲ್ಲಿಯೂ ಬರೆದುಕೊಂಡೆ, ಕಡಿಮೆ ಬಂದಲ್ಲಿಯೂ ಬರೆದುಕೊಂಡೆ. ಸುಳ್ಳು ಅಳತೆ ಬರೆಯುವ ಕೈ ನನ್ನದಲ್ಲ, ಬೇಕಾಗಿಯೂ ಇರಲಿಲ್ಲ. ಎರಡು ಬಸ್ಸು ಎದುರುಬದುರಾಗಿ ಹಾಯುವಷ್ಟು ಜಾಗ ಓಣಿಯಲ್ಲಿ ಎಲ್ಲಿಯೂ ಇಲ್ಲವೆಂದು ಆ ಪಟ್ಟಿ ಸ್ವಚ್ಛವಾಗಿ ಹೇಳುತ್ತಿತ್ತು. ನನ್ನ ಗೇಜಿನ ಹೋಗದ ತುದಿ ಅದು. ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳಲಾರೆ.

ಆ ಸಂಜೆ ಅವಳು ನೆಲದ ಮೇಲೆ ಮೇಜಿನಂತೆ ಒಂದು ಮಣೆ ಇಟ್ಟುಕೊಂಡು ಕೂತಳು, ನಾನು ಹೇಳುತ್ತ ಹೋದೆ. ಒಂದು, ಓಣಿಯ ಅಗಲ. ಎರಡು, ಮೇಲಿನ ಚೌಕಿನಲ್ಲಿ ಈಗಾಗಲೇ ಇರುವ ಗದ್ದಲ. ಮೂರು, ಹನ್ನೊಂದು ಬಿಡಾರಗಳು. ನಾಲ್ಕು, ಹಳೆಯ ಮೆಟ್ಟಿಲುಗಳು. ಅವಳು ನಾನು ಹೇಳಿದ್ದನ್ನು ಮರಾಠಿ ಮಾಡಿ ಬರೆದಳು, ಎರಡು ಕಡೆ ನನ್ನ ಮಾತಿಗಿಂತ ಒಳ್ಳೆಯ ಮಾತು ಹಾಕಿದಳು.

“ಐದನೇದು ಬರಿ. ಈ ಓಣಿ ಮಂದಿಗೆ ಆ ದಂಡಿಮ್ಯಾಲೆ ಏನೂ ಕೆಲಸ ಇಲ್ಲ. ಸೇತುವಿ ಇಲ್ಲಿ ಬಂದ್ರ ಸುಖ ಊರಿಗೆ, ತ್ರಾಸು ನಮಗ.”

ಅವಳು ಪೆನ್ನು ಎತ್ತಿದಳು. “ಏನೂ ಕೆಲಸ ಇಲ್ಲಂತೀರಿ?”

“ಓಣಿ ಮಂದಿಗೆ ಅಂದೆ. ನಿಂದು ಬ್ಯಾರೆ ಮಾತು.”

“ಹಂಗಾದ್ರ ನಾ ಯಾವ ಓಣ್ಯಾಕಿ?”

“ಶಕೂ, ಮನಿ ಹೋಗತದ. ಗಂಟು ಕಟಗೊಂಡು ಎಲ್ಲಿಗೆ ಹೋಗೂಣು? ಬರಿ.”

ಅವಳು ತಲೆ ಬಗ್ಗಿಸಿದಳು. ಪೆನ್ನು ಓಡಿದ ಸದ್ದು ಕೇಳಿತು. ಕೊನೆಗೆ ಕಾಗದ ನನ್ನ ಮುಂದೆ ಹಿಡಿದಳು, ನಾನು ಓದದೆ ಸಹಿ ಮಾಡಿದೆ. ಅವಳು ಬರೆದದ್ದನ್ನು ನಾನು ಓದಿ ನೋಡಿದ್ದು ಯಾವಾಗ? ಉಳಿದ ಹತ್ತೂ ಬಿಡಾರದವರು ಕೆಳಗೆ ಸಹಿ ಹಾಕಿದರು, ಕಾಕಾ ಅದನ್ನು ಕಚೇರಿಗೆ ಮುಟ್ಟಿಸಿ ಬಂದರು. ಎರಡನೆಯ ಜಾಗಕ್ಕೂ ಯಾರೋ ಹರಕತ್ತು ಕೊಟ್ಟಿದ್ದರಂತೆ. ಫೈಲು ಮಲಗಿತು. ಅವಳು ಸೇತುವೆಯ ಮಾತನ್ನು ಮತ್ತೆ ಎತ್ತಲಿಲ್ಲ, ಹನ್ನೊಂದು ಗಂಟೆಗೆ ಮಾಳಿಗೆಯ ಅಂಚಿಗೆ ಬರುವುದನ್ನು ಬಿಡಲಿಲ್ಲ.

ಒಂದೂವರೆ ವರ್ಷ ಕಳೆದ ಮೇಲೆ ಬಂದದ್ದು ನಾನು ಮೊದಲು ಹೇಳಿದ ಗುರುವಾರ. ಹಸಿರು ಸೀರೆ ಒಣಹಾಕಿದ ಮೇಲೆ ಅವಳು ಶೇಂಗಾ ಚಟ್ನಿಯ ಡಬ್ಬಿ ಚೀಲದಲ್ಲಿಟ್ಟುಕೊಂಡು ತಂಗಿಯ ಮನೆಗೆ ಹೊರಟಳು. ಕೆಳಗಿನ ಸೇತುವೆಯ ಒಂದು ಪಕ್ಕವನ್ನು ರಿಪೇರಿಗೆಂದು ಮುಚ್ಚಿದ್ದರು, ಬೇಗ ಹೊರಟರೆ ವಾಸಿ ಎಂದಳು. ಒಂದು ಗಂಟೆಯ ಸುಮಾರಿಗೆ ನಾನು ಮಾಳಿಗೆಯ ಮೇಲಿದ್ದಾಗ ಎದುರು ಮಾಳಿಗೆಯ ಮೇಲೆ ಅವಳು ಕಾಣಿಸಿಕೊಂಡಳು. ಮುಟ್ಟಿದೆ ಎಂದು ಕೈ ಎತ್ತಿದಳು. ನಾನೂ ಎತ್ತಿದೆ. ನಾನು ಅವಳನ್ನು ಜೀವಂತ ನೋಡಿದ್ದು ಅದೇ ಕೊನೆ. ಆಮೇಲೆ ಒಂದು ದಿನ, ಬೇಡವೆಂದರೂ ತಲೆ ಕೇಳದೆ ಲೆಕ್ಕ ಮಾಡಿತು: ಅಷ್ಟು ದೂರದಿಂದ, ತೋಳು ಚಾಚಿ ಹಿಡಿದ ಸ್ಕೇಲಿನಲ್ಲಿ, ಅವಳ ಎತ್ತರ ಐದು ಮಿಲಿಮೀಟರಿಗೂ ಒಂದು ಕೂದಲಷ್ಟು ಕಡಿಮೆ.

ಉಂಡು ಅಡ್ಡಾದೆ. ಪೇಠೆಯ ಅಂಗಡಿಗಳು ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತವೆ, ಅದು ಈ ಊರಿನ ಕಾಯದೆ ಇಲ್ಲದ ಕಾಯದೆ. ಕಾಕಾನ ಮುಚ್ಚಿದ ಅಂಗಡಿಯೊಳಗೆ ಫೋನು ಬಹಳ ಹೊತ್ತು ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು. ವಾಡೆಗೆಲ್ಲ ಅದೊಂದೇ ಫೋನು. ಯಾರೋ ಆತುರದ ಗಿರಾಕಿ ಎಂದುಕೊಂಡು ಮಗ್ಗಲು ಬದಲಿಸಿದೆ. ಮೂರಕ್ಕೆ ಎದ್ದು ಬಟ್ಟೆ ತೆಗೆಯಲು ಮೇಲೆ ಹೋದೆ. ಎದುರು ಮನೆಯ ಬಾಲ್ಕನಿಯಲ್ಲಿ ನಾಲ್ಕೈದು ಜನ ನಿಂತಿದ್ದರು, ಒಬ್ಬರು ಒಳಗೆ ಹೋಗುತ್ತಿದ್ದರು, ಇನ್ನೊಬ್ಬರು ಹೊರಗೆ ಬರುತ್ತಿದ್ದರು. ಪ್ರಮೀಳೆಯ ಮನೆಗೆ ಬೀಗರು ಬಂದಿದ್ದಾರೆ, ಇವಳಿಗೆ ಇವತ್ತು ತಡವಾಗುತ್ತದೆ, ಅನ್ನ ನಾನೇ ಇಟ್ಟರಾಯಿತು ಎಂದುಕೊಂಡೆ. ಸಮಾಧಾನವಾಗಿಯೇ ಅಂದುಕೊಂಡೆ. ಹಸಿರು ಸೀರೆ ಒಣಗಿತ್ತು. ಅದನ್ನು ಮಡಿಚಿದೆ, ಒಬ್ಬನೇ ಮಡಿಚಿದರೆ ಅಂಚಿಗೆ ಅಂಚು ಕೂಡುವುದಿಲ್ಲ.

ಎರಡೂವರೆಗೆ ಆ ಮನೆಯಿಂದ ಸ್ಕೂಟರಿನ ಮೇಲೆ ಹೊರಟಿದ್ದ ವಸಂತ ನನ್ನ ಬಾಗಿಲಿಗೆ ಬಂದಾಗ ಮೂರೂವರೆ ದಾಟಿತ್ತು. ಮೈಯೆಲ್ಲ ಬೆವರು.

“ಅಣ್ಣಾ, ನಡೀರಿ. ಅಕ್ಕಾರಿಗೆ ಆರಾಮಿಲ್ಲ.”

“ಏನಾತು?”

“ಎದಿ ಹಿಡಕೊಂಡು ಕೂತ್ರು. ನಡೀರಿ ನೀವು, ಚಪ್ಪಲಿ ಬಿಡ್ರಿ, ಹಂಗ ನಡೀರಿ.”

ಸೇತುವೆಯ ಹತ್ತಿರ ಸ್ಕೂಟರು ನಿಂತಿತು. ಅದನ್ನು ಒಂದು ಗೋಡೆಗೆ ಒರಗಿಸಿ, ಲಾರಿ ಬಸ್ಸುಗಳ ನಡುವೆ ಮೈ ಅಡ್ಡ ಮಾಡಿಕೊಂಡು, ನಡೆದು ದಾಟಿದೆವು. ಮುಟ್ಟಿದಾಗ ನಾಲ್ಕೂವರೆಯ ಮೇಲೆ. ಪಕ್ಕದ ಬೀದಿಯ ಡಾಕ್ಟರು ಬಂದು ಹೋಗಿದ್ದರು. ಅವಳು ಮೂರಕ್ಕೆ ಹತ್ತು ನಿಮಿಷ ಇರುವಾಗ ಹೋಗಿದ್ದಳು. ನಾನು ಬೀಗರು ಬಂದಿದ್ದಾರೆ ಎಂದುಕೊಂಡದ್ದು ಅದಾದ ಮೇಲೆ.

ಸೇತುವೆ ಇದ್ದಿದ್ದರೆ ಬದುಕುತ್ತಿದ್ದಳೆಂದು ನಾನು ಹೇಳುತ್ತಿಲ್ಲ. ಡಾಕ್ಟರು ಹಾಗೆ ಹೇಳಲಿಲ್ಲ. ಯಾರು ಎಷ್ಟು ಬೇಗ ಬಂದಿದ್ದರೂ ಆಗುವುದು ಇಷ್ಟೇ ಎಂದರು. ಆದರೆ ಇಪ್ಪತ್ತು ನಿಮಿಷ ಅವಳು ಎಚ್ಚರವಾಗಿದ್ದಳು, ‘ಅವರು ಬಂದ್ರೇನು’ ಎಂದು ಮೂರು ಸಲ ಕೇಳಿದಳು ಎಂದು ಪ್ರಮೀಳಾ ಹೇಳಿದಳು. ನೂರಾ ತೊಂಬತ್ತು ಮೀಟರಿಗೆ, ನನ್ನ ನಡಿಗೆಯಲ್ಲಿ, ಮೂರು ನಿಮಿಷ ಸಾಕು. ಮೆಟ್ಟಿಲು ಇಳಿದು ನೇರ ನೀರಿನಲ್ಲಿ ನಡೆದು ಹೋಗಬಹುದಿತ್ತಲ್ಲ ಎಂದು ನೀವು ಕೇಳಿದರೆ, ಆ ತಿಂಗಳು ನೀರು ಮೊಣಕಾಲಷ್ಟೇ ಇತ್ತು. ವಸಂತನಿಗೂ ಅದು ತೋಚಲಿಲ್ಲ, ನನಗೂ ತೋಚಲಿಲ್ಲ. ರಸ್ತೆಯಿಂದಲೇ ಹೋಗಿ ರೂಢಿಯಾದ ಇಬ್ಬರು ಗಂಡಸರು ನಾವು.

ಎಂಟು ವರ್ಷ ಫೈಲು ಮಲಗಿಯೇ ಇತ್ತು. ಅಷ್ಟರಲ್ಲಿ ಊರು ಎರಡರಷ್ಟಾಯಿತು, ಮುಖಕ್ಕೆ ಓಢಣಿ ಸುತ್ತಿಕೊಂಡ ಹುಡುಗಿಯರ ಸ್ಕೂಟರುಗಳು ಓಣಿ ಓಣಿಯಲ್ಲಿ ತುಂಬಿದವು, ಎರಡೂ ಮನೆಗಳಿಗೆ ಫೋನು ಬಂತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಮತ್ತೆ ಪತ್ರಿಕೆಯಲ್ಲಿ ಪ್ರಕಟಣೆ: ಅದೇ ಹೊಸ ಸೇತುವೆ, ಅವೇ ಎರಡು ಜಾಗ, ಹರಕತ್ತು ಅಥವಾ ಸೂಚನೆ ಇದ್ದವರು ಬರೆಯಬೇಕು. ಈ ಸಲ ನಾನೇ ಮರಾಠಿಯಲ್ಲಿ ಬರೆದೆ. ನಾಲ್ಕು ಸಂಜೆ ಹಿಡಿಯಿತು. ನನ್ನ ಹಳೆಯ ಹರಕತ್ತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸೇತುವೆ ನಮ್ಮ ಓಣಿಯ ತುದಿಯಲ್ಲಿಯೇ ಆಗಲಿ. ಮನೆ ಹೋದರೆ ಹೋಗಲಿ. ಗಾಡಿಗಳ ಸೇತುವೆ ಆಗದಿದ್ದರೆ ನಡೆಯುವವರದಾದರೂ ಆಗಲಿ. ಇಷ್ಟೇ.

ಸತ್ತವಳಿಗೆ ಸೇತುವೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೇನೆ. ಒಂದು ಕಾಗದದ ಮೇಲೆ ಅವಳ ಕೈಯಿಂದ, ಅವಳ ತಂಗಿಯ ಮನೆಯ ಕಡೆಗೆ ಬೆರಳು ಮಾಡಿ, ಅಲ್ಲಿ ನಮಗೆ ಏನೂ ಕೆಲಸವಿಲ್ಲ ಎಂದು ನಾನು ಬರೆಸಿದ್ದೆ. ಆ ಕಾಗದ ಎಲ್ಲಿಯೋ ಒಂದು ಕಪಾಟಿನಲ್ಲಿ ಇತ್ತು. ಅದನ್ನು ತೆಗೆಸಬೇಕಾಗಿತ್ತು. ಕಾಕಾ ಮಾತ್ರ ಅಂಗಡಿಯಿಂದ ಕೂಗಿ ಚುಚ್ಚಿದರು: “ಸಾಹೇಬರೇ, ಅಂದು ಬೇಲಿ ಹಾಕಿದವರೂ ನೀವೇ, ಇಂದು ಕೀಳುವವರೂ ನೀವೇ. ನಮ್ಮನ್ನು ಯಾಕೆ ಬೀದಿಗೆ ಹಾಕುತ್ತೀರಿ?” ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಸಹಿಗೆ ಯಾರನ್ನೂ ಕೇಳಲಿಲ್ಲ. ಒಂದೇ ಸಹಿ ಸಾಕೆಂದು ಒಬ್ಬನೇ ಹೋದೆ.

ಕಚೇರಿಯಲ್ಲಿ ಒಬ್ಬ ಎಳೆಯ ವಯಸ್ಸಿನ ಇಂಜಿನಿಯರು ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದ. ನನ್ನ ಕಾಗದ ಓದಿ, ಹಳೆಯ ಫೈಲು ತರಿಸಿ, ಧೂಳು ಕೊಡವಿ ತೆರೆದ. “ಕಾಕಾ, ಅಕ್ಷರ ಎಷ್ಟು ಸುಂದರ! ಯಾರದು?” ಎಂದು ಕಾಗದವನ್ನು ನನ್ನ ಕಡೆಗೆ ತಿರುಗಿಸಿದ. ಈ ಊರಿನಲ್ಲಿ ವಯಸ್ಸಾದವರೆಲ್ಲ ಕಾಕಾ.

ಎಂಟು ವರ್ಷದ ಮೇಲೆ ಅವಳ ಅಕ್ಷರ. ನಾನು ಮೊದಲ ಸಲ ಅದನ್ನು ಓದಿದೆ. ಒಂದು, ಓಣಿಯ ಅಗಲ. ಎರಡು, ಚೌಕು. ಮೂರು, ಬಿಡಾರಗಳು. ನಾಲ್ಕು, ಮೆಟ್ಟಿಲು. ಅಲ್ಲಿಗೆ, ಮರಾಠಿ ಕಾಗದಗಳ ರೂಢಿಯಂತೆ, ‘ಕಳಾವೆ’ (ತಿಳಿಯಬೇಕು) ಎಂದು ಮುಗಿಸಿ, ಕೆಳಗೆ ಸಹಿಗೆ ಜಾಗ ಬಿಟ್ಟಿದ್ದಳು. ಹಾಳೆ ತಿರುಗಿಸಿ ನೋಡಿದೆ. ಹಿಂದೆ ಏನೂ ಇರಲಿಲ್ಲ. ಐದನೆಯದನ್ನು ಅವಳು ಬರೆದೇ ಇರಲಿಲ್ಲ. ಅಂದು ಸಂಜೆ ನಾನು ಕೇಳಿದ ಪೆನ್ನಿನ ಸದ್ದು ಬಹುಶಃ ಆ ಮುಕ್ತಾಯದ್ದೇ ಇರಬೇಕು, ನಮ್ಮ ವಿಳಾಸದ್ದಿರಬೇಕು. ನನ್ನೊಂದಿಗೆ ವಾದ ಮಾಡಲಿಲ್ಲ, ಸಿಟ್ಟಾಗಲಿಲ್ಲ, ಮನೆ ಉಳಿಯಲು ಬೇಕಾದ ನಾಲ್ಕು ಮಾತು ಬರೆದು ಕೊಟ್ಟಳು, ಸುಳ್ಳಾದ ಒಂದನ್ನು ಬಿಟ್ಟಳು. ನಾನು ಇಷ್ಟು ವರ್ಷ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಹೊತ್ತು ತಿರುಗಿದ ಮಾತು ಆ ಕಾಗದದ ಮೇಲೆ ಎಂದೂ ಇರಲೇ ಇಲ್ಲ.

“ನನ್ನ ಹೆಂಡತಿಯದು,” ಎಂದೆ.

ಅವನು ತಲೆದೂಗಿ ಪುಟ ತಿರುವಿದ. ಕೆಳಗೆ ನನ್ನ ಅಳತೆಯ ಪಟ್ಟಿ ಲಗತ್ತಿಸಿತ್ತು, ಹನ್ನೆರಡು ಅಗಲ. “ಇದನ್ನು ನಮ್ಮ ಸರ್ವೆಯವರು ಮತ್ತೆ ಹೋಗಿ ಅಳೆದರು ಕಾಕಾ. ಒಂದಿಂಚೂ ಹೆಚ್ಚುಕಡಿಮೆ ಇಲ್ಲ. ನಿಮ್ಮ ಓಣಿಯಲ್ಲಿ ಸೇತುವೆ ಕೂರುವುದಿಲ್ಲ,” ಎಂದ. ನಾನು ನನ್ನ ಹೊಸ ಕಾಗದದ ಕಡೆಗೆ ಬೆರಳು ತೋರಿಸಹೋದೆ. ಅವನು ಗೌರವದಿಂದಲೇ ಹೇಳಿದ: “ಹರಕತ್ತು ಹಿಂದಕ್ಕೆ ತೆಗೆದುಕೊಳ್ಳಬಹುದು. ಅಳತೆ ಹೇಗೆ ತೆಗೆದುಕೊಳ್ಳುತ್ತೀರಿ?” ನಡೆಯುವವರ ಸೇತುವೆಯ ಬಗ್ಗೆ ಕೇಳಿದೆ. ಎಷ್ಟು ಜನ ದಾಟುತ್ತಾರೆ ಎಂದು ಕೇಳಿದ. ಒಬ್ಬಳು ಎಂದು ಹೇಳಲು ಬರುವ ಹಾಗಿರಲಿಲ್ಲ. ಎದ್ದು ಬಂದೆ.

ಸೇತುವೆ ಅರ್ಧ ಕಿಲೋಮೀಟರ್ ಕೆಳಗೆ ಆಯಿತು. ಒಳ್ಳೆಯ ಸೇತುವೆ, ಕಂಬಗಳು ನೆಟ್ಟಗಿವೆ, ಜೋಡಣೆಗಳು ಬಿಗಿಯಾಗಿವೆ, ತಪಾಸಣೆಯವನ ಕಣ್ಣಿಗೂ ದೋಷ ಕಾಣುವುದಿಲ್ಲ. ಮೊದಲ ತಿಂಗಳು ಗಾಡಿಗಳು ಗಾಳಿಯಂತೆ ಹಾದವು. ಆಮೇಲೆ ಗದ್ದಲ ಮೆಲ್ಲಗೆ ಸರಿದು ಅದರ ಎರಡು ತುದಿಗಳಿಗೆ ಬಂದು ಕೂತಿತು. ಹಳೆಯ ಸೇತುವೆಗಳಲ್ಲಿ ನಿಲ್ಲುತ್ತಿದ್ದವರು ಈಗ ಇಲ್ಲಿ ನಿಲ್ಲುತ್ತಾರೆ. ಮುಂದೆ ಮತ್ತೊಂದು ಸೇತುವೆಯ ಮಾತು ಬರುತ್ತದೆ, ಮತ್ತೆ ಯಾರೋ ಕುರ್ಚಿ ಹಾಕಿಕೊಂಡು ಎಣಿಸುತ್ತಾರೆ. ನಮ್ಮ ವಾಡೆ ಉಳಿಯಿತು. ಕಾಕಾ ಈಗಲೂ ಒಂದಕ್ಕೆ ಬಾಗಿಲು ಹಾಕುತ್ತಾರೆ. ಅವರಿಗೆ ನನ್ನ ಮೇಲೆ ಸಿಟ್ಟಿಲ್ಲ.

ನಾನು ನಿವೃತ್ತನಾಗಿದ್ದೇನೆ, ಆದ್ದರಿಂದ ಈಗ ಎಲ್ಲ ದಿನವೂ ಗುರುವಾರ. ಎರಡು ಅಂಗಿ, ಒಂದು ಪಂಜೆ. ದಿನಾ ಒಗೆಯುವಷ್ಟು ಬಟ್ಟೆ ನನ್ನಲ್ಲಿಲ್ಲ. ಆದರೆ ತಂತಿ ಖಾಲಿ ಬಿಡಲು ಬರುವುದಿಲ್ಲ. ಒಂದು ದಿನ ಬಿಟ್ಟಿದ್ದೆ. ಹನ್ನೊಂದು ಹೊಡೆದು ಐದು ನಿಮಿಷಕ್ಕೆ ಫೋನು ಬಂತು.

“ಭಾವಾ, ಬಟ್ಟಿ ಬಿದ್ದಿಲ್ಲಲ್ರೀ?”

“ಇವತ್ತು ಒಗದಿಲ್ಲವಾ ಪ್ರಮೀಳಾ.”

“ಆರಾಮ ಇದ್ದೀರಿಲ್ಲೋ?”

“ಇದ್ದೀನಿ.”

“ಹಂಗಾದ್ರ ಒಂದು ಟವೆಲ್ಲರೆ ಹಾಕ್ರಿ. ನನಗ ಉಂಡ ಅನ್ನ ಇಳಿಯೂದಿಲ್ಲ.”

ಅಂದಿನಿಂದ ಒಗೆಯುವುದು ಇರಲಿ ಬಿಡಲಿ, ಒಂದು ಟವೆಲನ್ನು ನೀರಿನಲ್ಲಿ ಅದ್ದಿ, ಹಿಂಡಿ, ಹನ್ನೊಂದರೊಳಗೆ ತಂತಿಗೆ ಹಾಕುತ್ತೇನೆ. ಅದೇ ಕ್ಲಿಪ್ಪು, ಅದೇ ಡಬ್ಬಿ. ಎದುರಿನ ಸೀರೆ ನೋಡಿ ಕೆಳಗೆ ಇಳಿಯುತ್ತೇನೆ. ಅಕ್ಕನಿಗೆ ಹಾಕುತ್ತಿದ್ದ ಸೀರೆಯನ್ನು ಪ್ರಮೀಳಾ ಈಗ ನನಗಾಗಿ ಹಾಕುತ್ತಾಳೆ. ಆ ದಡದ ಮೇಲೆ ನನಗೂ ಇಷ್ಟು ಕೆಲಸ ಇದೆ.

ಹೋದ ವಾರ ಅವಳ ಮನೆಗೆ ಊಟಕ್ಕೆ ಕರೆದಿದ್ದಳು. ಹೊಸ ಸೇತುವೆಯ ಮೇಲಿಂದ ನಡೆದು ಹೋದೆ. ನಡುವೆ ನಿಂತು ಹೊಳೆ ಹರಿದುಬರುವ ದಿಕ್ಕಿಗೆ ನೋಡಿದೆ. ಎರಡೂ ಮಾಳಿಗೆಗಳನ್ನು ಒಟ್ಟಿಗೆ ಕಂಡದ್ದು ಜೀವಮಾನದಲ್ಲಿ ಅದೇ ಮೊದಲು. ಅಲ್ಲಿಯವರೆಗೆ ಒಂದರ ಮೇಲೆ ನಿಂತೇ ಇನ್ನೊಂದನ್ನು ನೋಡಿದ್ದೆ. ಬಲಕ್ಕೆ ಪ್ರಮೀಳೆಯ ಹಳದಿ ಸೀರೆ. ಎಡಕ್ಕೆ ನಾನು ಬೆಳಿಗ್ಗೆ ಹಾಕಿ ಬಂದ ಬಿಳಿ ಟವೆಲು. ಸ್ಕೇಲು ಜೇಬಿನಲ್ಲಿತ್ತು, ತೆಗೆಯಲಿಲ್ಲ. ಹೊಳೆಗೆ ಈಗ ಸೇತುವೆ ಇದೆ. ನಮ್ಮ ತಂತಿಯ ಮೇಲೆ ಸೀರೆ ಇಲ್ಲ.